ಸೂಕಿಯ ಸಾಕ್ಷಿ

ವೆಸ್ಟಾ ಅತ್ತೆಗೆ ತೊಂಬತ್ತೊಂದು. ಎಡಗಿವಿ ಪೂರ್ತಿ ಮುಚ್ಚಿದೆ.
ಬಲಗಿವಿಗೆ ಬಾಗಿ ನಾನು ಒಂದೊಂದೇ ಹೆಸರು ಕೂಗುತ್ತೇನೆ.
ಚಳಿಗಾಲಕ್ಕೆಂದು ಹುರುಳಿಕಾಯಿ ಪೋಣಿಸುತ್ತ
ಅವಳು ಒಂದೊಂದೇ ಗಂಟು ಬಿಚ್ಚುತ್ತಾಳೆ:
ಅವನಾ? ಹೊಳೆ ದಾಟುವಾಗ ಬೂಟು ಕಳಕೊಂಡವನು.
ಇವಳಾ? ಉಪ್ಪು ಕಡ ಕೊಟ್ಟು ಸಾಯುವ ತನಕ ಮರೆಯದವಳು.
ಇಸವಿ ಕೇಳಿದರೆ ಮಾತ್ರ ಸೂಜಿ ನಿಲ್ಲುತ್ತದೆ.
"ದೊಡ್ಡ ಹಿಮ ಬಿತ್ತಲ್ಲ, ಅದರ ಹಿಂದಿನ ವರ್ಷ."
ಯಾವ ಹಿಮ ಅಂತ
ನಾನು ಹುಟ್ಟುವ ಮೊದಲೇ ತಿಳಿದಿರಬೇಕಿತ್ತು.

ನಾನು ಶಾಲೆಯ ಬಸ್ಸು ಓಡಿಸುವವಳು.
ಕೆಂಟಕಿಯ ಈ ಗುಡ್ಡದ ಸಂದಿಗಳಿಂದ ಮಕ್ಕಳನ್ನು ಹೆಕ್ಕಿ ತಂದು ಇಳಿಸಿ
ಮತ್ತೆ ಗಂಟೆ ಹೊಡೆಯುವ ತನಕ
ಕೋರ್ಟಿನ ನೆಲಮಾಳಿಗೆಯಲ್ಲಿ ಸತ್ತವರನ್ನು ಹತ್ತಿಸಿಕೊಳ್ಳುತ್ತೇನೆ.

ಜನಗಣತಿಯ ಗುಮಾಸ್ತರಿಗೆ
ಕುದುರೆ ದಣಿದಿತ್ತೋ, ಕಿವಿ ದಣಿದಿತ್ತೋ,
ಒಬ್ಬನಿಗೆ ನಾವು ಬ್ರ್ಯಾಮರ್, ಇನ್ನೊಬ್ಬನಿಗೆ ಬ್ರೂಮರ್,
ಮೂರನೆಯವನು ಶಾಯಿ ಚೆಲ್ಲಿ ಬೆಟ್ಟ ಇಳಿದಿದ್ದಾನೆ.
ಮುತ್ತಜ್ಜನ ತಾಯಿ ಆರ್ಲೀನಾಗೆ
ಸಾವಿರದ ಎಂಟುನೂರ ಎಪ್ಪತ್ತರಲ್ಲಿ ಇಪ್ಪತ್ತನಾಲ್ಕು,
ಎಂಬತ್ತರಲ್ಲಿ ಮೂವತ್ತು.
ಹತ್ತು ವರ್ಷ ಬದುಕಿ ಆರೇ ವರ್ಷ ಬೆಳೆದ ಹೆಂಗಸು.
ಓದು, ಬಾರದು. ಬರಹ, ಬಾರದು.
ಗಂಡ ಎಂಬಲ್ಲಿ ಒಂದು ಸಣ್ಣ ಅಡ್ಡಗೆರೆ.

ಮನೆಯ ಬೈಬಲ್ಲಿನಿಂದ ಹುಟ್ಟುಸಾವಿನ ಹಾಳೆಯನ್ನು
ಯಾರೋ ಚಾಕುವಿನಲ್ಲಿ, ಬಹಳ ನಾಜೂಕಾಗಿ, ಕೊಯ್ದು ತೆಗೆದಿದ್ದಾರೆ.
ಅಂಚಿನಲ್ಲಿ ಉಳಿದದ್ದು ಅಕ್ಷರಗಳ ಬಾಲ.
ಅವಳ ಗೋರಿಗೆ ಕಲ್ಲಿತ್ತಂತೆ, ಹೆಸರಿರಲಿಲ್ಲವಂತೆ.
ಕಲ್ಲಿದ್ದಲು ಕಂಪನಿ ಗುಡ್ಡವನ್ನೇ ಬಗೆದು ಸಾಗಿಸಿದ ಮೇಲೆ
ಕಲ್ಲೂ ಇಲ್ಲ.
ಈಗಿನ ಲಾರಿ ದಾರಿಯಿಂದ ನೂರಡಿ ಮೇಲೆ
ಬರೀ ಗಾಳಿಯಲ್ಲಿ
ಅವಳನ್ನು ಹೂತ ಜಾಗ ಇದೆ.

ಸೆಪ್ಟೆಂಬರಿನ ಒಂದು ಮಂಗಳವಾರ
ಇಲಿ ಕಡಿದ ಕಟ್ಟಿನೊಳಗೆ ಕೆಲವು ಸಾಲು ಸಿಕ್ಕವು:
ಆರ್ಲೀನಾ ಬ್ರ್ಯಾಮರ್, ಮದುವೆಯಾಗದವಳು, ಕಂಕುಳಲ್ಲಿ ಗಂಡುಕೂಸು.
ಕೂಸಿನ ತಂದೆ ಯಾರೆಂದು ಪ್ರಮಾಣ ಮಾಡಿಸಿ ಕೇಳಲಾಯಿತು.
ಹೇಳಲೊಲ್ಲಳು.
ಮತ್ತೊಮ್ಮೆ ಕೇಳಲಾಯಿತು. ಹೇಳಲೊಲ್ಲಳು.
ದಂಡ ಐದು ಡಾಲರ್.
ನಗದಿಲ್ಲವಾಗಿ ಕಂದು ಹಸು ಒಂದು, ಬೆಲೆ ಏಳು, ಜಮಾ.
ಮಿಕ್ಕ ಎರಡು ಡಾಲರಿನ ಮಾತೇ ಇಲ್ಲ.

ಬರೆದುಕೊಂಡು ಬಂದು ಬಲಗಿವಿಗೆ ಓದಿದೆ.
ಪಿಸುಗುಡಬೇಕಾದ ಸಂಗತಿ,
ಪಕ್ಕದ ಮನೆಯ ನಾಯಿ ತಲೆಯೆತ್ತುವಷ್ಟು ಜೋರಾಗಿ ಓದಬೇಕಾಯಿತು.
ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.
"ಅಯ್ಯೋ ಹುಡುಗಿ, ಇದು ನಮ್ಮ ಸೂಕಿಯ ಕಥೆಯಲ್ಲವೇನೇ!"

ಹೌದು. ಜ್ವರದ ರಾತ್ರಿಗಳಲ್ಲಿ ನಮ್ಮನ್ನು ಸುತ್ತ ಮಲಗಿಸಿಕೊಂಡು
ಅವಳು ಹೇಳುತ್ತಿದ್ದದ್ದು:
ಸೂಕಿ ಎಂಬ ಹಸು ಕೋರ್ಟಿಗೆ ಹೋಯಿತಂತೆ,
ನಾಲ್ಕೂ ಕಾಲಲ್ಲಿ ಕಟಕಟೆ ಹತ್ತಿತಂತೆ.
ಜಡ್ಜಿ ಕೇಳಿದನಂತೆ, ಹುಲ್ಲು ಕದ್ದವರು ಯಾರು?
ಅಂಬಾ.
ಬೇಲಿ ಹಾರಿದವರು ಯಾರು?
ಅಂಬಾ.
ಜಡ್ಜಿ ಗಡ್ಡ ಕಿತ್ತುಕೊಂಡನಂತೆ,
ಗುಮಾಸ್ತ ಅಂಬಾ ಎಂದೇ ಬರೆದುಕೊಂಡನಂತೆ.
ನಾವು ಜ್ವರ ಮರೆತು ಉರುಳಾಡಿ ನಗುತ್ತಿದ್ದೆವು.
ಆ ರಾತ್ರಿಯೇ ಸೂಕಿ ಹಗ್ಗ ಹರಿದು, ಹೊಳೆ ಈಜಿ,
ಒಂದೊಂದು ಕೋಡಿಗೆ ಒಂದೊಂದು ಬೆಳ್ಳಿ ನಾಣ್ಯ ಸಿಕ್ಕಿಸಿಕೊಂಡು
ಮನೆಗೆ ಬಂದಿತಂತೆ.

ಎರಡು ಕೋಡು. ಎರಡು ಡಾಲರ್.
ನಾನು ಕಾಗದ ನೋಡಿದೆ, ಅತ್ತೆಯನ್ನು ನೋಡಿದೆ.

ನಿನಗೆ ಯಾರು ಹೇಳಿದ್ದು ಈ ಕಥೆ?
"ಅಪ್ಪ."
ಅಪ್ಪನಿಗೆ?
"ಅವನ ಅಪ್ಪ."
ಕಂಕುಳಲ್ಲಿದ್ದ ಆ ಕೂಸು.

ಹಾಗಾದರೆ ಅತ್ತೆ, ಬೇಲಿ ಹಾರಿದವರು ಯಾರು?

ಸೂಜಿ ನಿಂತಿತು.
ದಾರ ಹಲ್ಲಿಗೆ ಸಿಗದೆ, ಬೆರಳಿಗೆ ಸುತ್ತಿ ಹರಿದಳು.
ಇನ್ನೊಂದು ಹಿಡಿ ಹುರುಳಿಕಾಯಿ ಮಡಿಲಿಗೆ ಸುರಿದುಕೊಂಡು
ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ
ಎಡಗಿವಿಯನ್ನು
ನನ್ನ ಕಡೆಗೆ ಕೊಟ್ಟಳು.